ಎರಡು ಹೆದೆಯ ಬಿಲ್ಲು

ಕರುವಿನ ಕಣ್ಣಿಗೆ ಏಟು ಬಿದ್ದದ್ದು ಅಪ್ಪಯ್ಯನ ಬಿಲ್ಲಿನಿಂದ. ಇದರಲ್ಲಿ ಯಾರಿಗೂ ತಕರಾರಿರಲಿಲ್ಲ. ಗುರಿ ತಪ್ಪಿದ್ದಕ್ಕೆ ಕಾರಣ ಅತ್ತಿಗೆ ಎಂಬುದರಲ್ಲೂ, ನನ್ನನ್ನು ಬಿಟ್ಟರೆ, ಮನೆಯಲ್ಲಿ ಯಾರಿಗೂ ತಕರಾರಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ಸೀತೂರಿನ ನಮ್ಮ ಗದ್ದೆ ಕೊಯ್ಲಿಗೆ ಬಂದಾಗ ಮಂಗಗಳನ್ನು ಓಡಿಸಲು ಅಪ್ಪಯ್ಯ ಕಲ್ಲುಬಿಲ್ಲು ಹಿಡಿಯುತ್ತಿದ್ದರು. ಬಿದಿರಿನ ಬಿಲ್ಲಿಗೆ ಅಕ್ಕಪಕ್ಕ ಎರಡು ತೊಗಲಿನ ಹೆದೆ, ನಡುವೆ ಅವನ್ನು ಹಿಡಿದುಕೊಂಡ ಅಂಗೈಯಂಥ ಪುಟ್ಟ ಪಟ್ಟಿ. ಬಾಣದ ಬದಲು ಅದರಲ್ಲಿ ಒಣಗಿದ ಮಣ್ಣುಂಡೆ ಇಟ್ಟು ಎಳೆದು ಬಿಡುವುದು. ಮಂಗಕ್ಕೆ ತಗುಲದಂತೆ ಅದರ ಪಕ್ಕದ ಕೊಂಬೆಗೆ ಹೊಡೆಯುವುದರಲ್ಲಿ ಅಪ್ಪಯ್ಯನಿಗೆ ಹೆಸರಿತ್ತು. ಆ ಬೆಳಿಗ್ಗೆ ಕೊಂಬೆಗೆ ಬಿಟ್ಟ ಉಂಡೆ ಎಡಕ್ಕೆ ಹಾರಿ, ಬೇಲಿ ಹತ್ತಿರ ಕಟ್ಟಿದ್ದ ಕರುವಿಗೆ ಬಡಿದು, ಅದರ ಕಣ್ಣು ಹೋಯಿತು.

ಅದಕ್ಕೆ ಸ್ವಲ್ಪ ಮೊದಲು, ಜಗಲಿ ಗುಡಿಸುತ್ತಿದ್ದ ಅತ್ತಿಗೆ ನೆಲದ ಮೇಲಿದ್ದ ಬಿಲ್ಲನ್ನು ದಾಟಿದ್ದಳು. ಅಮ್ಮ ನೋಡಿದ್ದರು. ಹೆಂಗಸು ದಾಟಿದ ಬಿಲ್ಲು ಗುರಿ ಹಿಡಿಯುವುದಿಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ಮದುವೆಯಾಗಿ ಇನ್ನೂ ವರ್ಷ ತುಂಬದ ಅತ್ತಿಗೆಯನ್ನು ಕಮ್ಮರಡಿಯ ತವರಿಗೆ ಕಳಿಸುವುದೆಂದು ತೀರ್ಮಾನವಾಯಿತು. ಎಷ್ಟು ದಿನಕ್ಕೆ ಎಂದು ಯಾರೂ ಹೇಳಲಿಲ್ಲ.

ನಾನು ಆಗ ಕೊಪ್ಪದ ಕಾಲೇಜಿನಲ್ಲಿ ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನಿಂದಲೇ ಎದುರಾಳಿಯನ್ನು ಕಟ್ಟಿಹಾಕುವುದನ್ನು ಕಲಿತವಳು. ರಜೆಗೆ ಬಂದಿದ್ದೆ.

"ಅಮ್ಮ, ಸಣ್ಣವಳಿದ್ದಾಗಿಂದ ನಾನು ಎಷ್ಟು ಸಲ ದಾಟಿಲ್ಲ ಆ ಬಿಲ್ಲನ್ನ? ಆಗೆಲ್ಲ ಗುರಿ ತಪ್ಪಿತ್ತಾ?"

"ನೀನು ಮನೆ ಮಗಳು."

"ಹಂಗಾದ್ರೆ ಹೆಂಗಸು ದಾಟಿದ್ರೆ ಅನ್ನಬೇಡ, ಸೊಸೆ ದಾಟಿದ್ರೆ ಅನ್ನು. ಬಿಲ್ಲಿಗೆ ನೆಂಟಸ್ತಿಕೆ ಗೊತ್ತಾಗ್ತದಾ?"

"ಇದಕ್ಕೇನಾ ನಿನ್ನ ಕಾಲೇಜಿಗೆ ಕಳಿಸಿದ್ದು? ಬಾಯಿ ಮುಚ್ಚು ಮಾರಾಯ್ತಿ."

ಬಾಯಿ ಮುಚ್ಚಿ ಬಿಲ್ಲು ನೋಡಿದೆ. ಆಯುಧಪೂಜೆಯ ದಿನ ಹೆದೆ ಏರಿಸಿದರೆ ಕೊಯ್ಲು ಮುಗಿಯುವತನಕ ಇಳಿಸಬಾರದು. ಇದೂ ನಮ್ಮ ಮನೆಯದೇ ಕಟ್ಟಳೆ. ಬಿಲ್ಲು ಹಗಲೂ ರಾತ್ರಿ ಬಾಗಿಕೊಂಡೇ, ಜಗಲಿಯ ಅಂಚಿನಲ್ಲಿ ಮಂಜು ಕುಡಿಯುತ್ತಾ ಇತ್ತು. ಎರಡು ಹೆದೆಗಳಲ್ಲಿ ಒಂದು ಹಳೆಯದು, ಎಳೆಯುವಷ್ಟು ಎಳೆದು ಗಟ್ಟಿಯಾದದ್ದು. ಇನ್ನೊಂದನ್ನು ಆ ವರ್ಷವಷ್ಟೇ ಹಾಕಿದ್ದರು. ಬೆರಳಿನಿಂದ ಮೀಟಿದೆ. ಹಳೆಯದು ಟಣ್ ಎಂದಿತು, ಹೊಸದು ಮಂಕಾಗಿ ಗುಂಯ್ ಎಂದಿತು. ತೇವಕ್ಕೆ ಹೊಸ ತೊಗಲು ಹಿಗ್ಗಿ, ಪಟ್ಟಿ ಓರೆಯಾಗಿ ಕೂತಿತ್ತು. ಉಂಡೆ ನೆಟ್ಟಗೆ ಹೋಗಲು ದಾರಿಯೇ ಇರಲಿಲ್ಲ.

ಅಪ್ಪಯ್ಯನನ್ನು ಕರೆದು ಮೀಟಿ ತೋರಿಸಿದೆ. ಅವರೂ ಎರಡನ್ನೂ ಒಂದೊಂದಾಗಿ ಮೀಟಿ ನೋಡಿದರು.

"ಇಳಿಸಬೇಕು ಅಂತೀಯಾ?"

"ಇಳಿಸಬೇಕು."

ಇಳಿಸಿದರು. ತಮ್ಮ ಕೈಯಿಂದಲೇ. ಹೆದೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ, ಬಿಸಿ ನೇರ ತಾಗದ ಕಡೆ ಒಣಗಿಸಿದೆವು. ಹರಳೆಣ್ಣೆ ತಿಕ್ಕಿದೆವು. ಮತ್ತೆ ಏರಿಸಿ, ಹೊಸದಕ್ಕೆ ಒಂದೊಂದೇ ತಿರುಚು ಕೊಟ್ಟು ಮೀಟುತ್ತಾ ಹೋದೆವು, ಎರಡೂ ಒಂದೇ ದನಿ ಕೊಡುವತನಕ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅಮ್ಮ, "ಈಗ ಸರಿಯಾದ್ರೆ ಆಯ್ತಾ? ಅವತ್ತು ಕೆಟ್ಟಿದ್ದು ಯಾಕೆ?" ಎಂದರು. ವಾದ ಮಾಡುವವಳಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಬೇಲಿಗೂಟದ ಮೇಲೆ ಒಂದು ಹಳೇ ಮಡಕೆ ಬೋರಲು ಹಾಕಿ, ಅಂಗಳದಲ್ಲಿ ಎಲ್ಲರೆದುರು ಹೇಳಿದೆ: "ಅತ್ತಿಗೆ ಈಗ ಬಿಲ್ಲನ್ನ ದಾಟ್ಲಿ. ಆಮೇಲೆ ಅಪ್ಪಯ್ಯ ಹೊಡೀಲಿ. ಮಡಕೆ ಒಡೆದ್ರೆ ಅತ್ತಿಗೆ ಎಲ್ಲಿಗೂ ಹೋಗೋದಿಲ್ಲ."

ಅಪ್ಪಯ್ಯ ಒಪ್ಪಿದರು. ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಮೊದಲಿನಿಂದಲೂ ಅವನದು ಅದೇ ಜಾಗ, ಅದೇ ಮೌನ.

ಅತ್ತಿಗೆ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ತಪ್ಪಿದ್ರೆ ನೀನು ಒಂದು ವಾದ ಸೋಲ್ತಿ. ನಾನು ಬಸ್ಸು ಹತ್ತಬೇಕು" ಎಂದಳು.

"ತಪ್ಪೋದಿಲ್ಲ ಅತ್ತಿಗೆ, ಹೆದೆ ನಾನೇ ನೋಡಿದೀನಿ."

ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು, ಎಲ್ಲರ ಕಣ್ಣೆದುರು ನೆಲದ ಮೇಲಿನ ಬಿಲ್ಲನ್ನು ದಾಟಿದಳು. ಅಪ್ಪಯ್ಯನ ಕೈ ನಡುಗುತ್ತಿತ್ತು. ಮಂಜು, ತೊಗಲು, ತಿರುಚು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದ ನಾನು ಆ ಕೈಯನ್ನು ಹಿಡಿದಿರಲಿಲ್ಲ. ಎಳೆದರು, ಬಿಟ್ಟರು.

ಮಡಕೆ ಚೂರಾಯಿತು.

ಅಮ್ಮ ತಿರುಗಿ ಒಳಗೆ ಹೋದರು. ಅಪ್ಪಯ್ಯ ಬಿಲ್ಲು ಕೆಳಗಿಟ್ಟು, "ಹೋಗೋದು ಬೇಡ, ಇಲ್ಲೇ ಇರಮ್ಮ" ಎಂದರು.

"ಒಡೀದೇ ಹೋಗಿದ್ರೆ, ಮಾವ?"

ಅಪ್ಪಯ್ಯ ನನ್ನ ಮುಖ ನೋಡಿದರು. ನಾನು ಅಣ್ಣನ ಮುಖ ನೋಡಿದೆ. ಅವನು ಮಡಕೆಯ ಚೂರುಗಳನ್ನು ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಅತ್ತಿಗೆ ತಾನಾಗಿಯೇ ಬಸ್ಸು ಹತ್ತಿದಳು. ಚೀಲ ಹಿಡಿದು ರಸ್ತೆಯವರೆಗೆ ಹೋದವಳು ನಾನೊಬ್ಬಳೇ. "ಬೇಜಾರು ಮಾಡ್ಕೋಬೇಡ ಮಾರಾಯ್ತಿ, ನೀನು ಹೇಳಿದ್ದು ಸುಳ್ಳಲ್ಲ" ಎಂದಳು. ಅದು ಸಮಾಧಾನವಾಗಿ ಕೇಳಿಸಲಿಲ್ಲ.

ಕೊಯ್ಲು ಮುಗಿದ ಮೇಲೆ ಅಣ್ಣ ಹೋಗಿ ಕರೆದ. ಬಂದಳು. ಅಷ್ಟರಲ್ಲಿ ಅಪ್ಪಯ್ಯ ಪ್ರತಿ ಸಂಜೆ ಹೆದೆ ಇಳಿಸಿ, ಬಿಲ್ಲನ್ನು ಗೋಡೆಯ ಮೇಲೆ ಎತ್ತರದಲ್ಲಿ ತೂಗುಹಾಕುವುದನ್ನು ರೂಢಿ ಮಾಡಿಕೊಂಡಿದ್ದರು. ದಾಟಲು ನೆಲದ ಮೇಲೆ ಏನೂ ಇರುತ್ತಿರಲಿಲ್ಲ. ಆದರೂ ಜಗಲಿ ಗುಡಿಸುವಾಗ ಅತ್ತಿಗೆ, ಬಿಲ್ಲು ಮೊದಲು ಇರುತ್ತಿದ್ದ ಜಾಗ ಬಂದೊಡನೆ ಪೊರಕೆ ನಿಲ್ಲಿಸಿ, ಸುತ್ತು ಹಾಕಿ ಆಚೆ ಹೋಗುತ್ತಿದ್ದಳು.