ಹಚ್ಚದ ಒಲೆಯ ಹೊಗೆ

ದೆವ್ವ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಹೋಗುತ್ತಿದ್ದೆ. ಈಗಲೂ ಅಂಥವನೇ. ಆದರೆ ಯುದ್ಧಕಾಲದಲ್ಲಿ, ಹಳ್ಳಿಮೈಸೂರಿನ ಬಳಿಯ ಈ ಮನೆಯಲ್ಲೇ ನಡೆದದ್ದೊಂದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ಅಜ್ಜಿ ತೀರಿಕೊಂಡ ಮೇಲೆ ಬಹಳ ವರ್ಷ ಬೀಗ ಬಿದ್ದಿದ್ದ ಮನೆ. ಅರ್ಧ ಹೆಂಚು ಉದುರಿತ್ತು, ಗೋಡೆಯಲ್ಲಿ ಅರಳಿಗಿಡ ಎದ್ದಿತ್ತು. ಊರವರು ಹಾಳುಮನೆಯೆಂದು ಸುತ್ತುಬಳಸಿ ಓಡಾಡುತ್ತಿದ್ದರು. ಅಲ್ಲೇ ನೆಲೆಸೋಣವೆಂದು ಬಂದ ನಾನೂ ಹೆಂಡತಿಯೂ ಕೊಟ್ಟಿಗೆಯಲ್ಲಿ ಕಂಬಳಿ ಹಾಸಿ ಮಲಗುತ್ತ, ಹಗಲೆಲ್ಲ ಮಣ್ಣು ಕಲಸಿ ಗೋಡೆ ಮೆತ್ತುತ್ತಿದ್ದೆವು. ಅಡುಗೆಮನೆಯ ಮಾಡನ್ನಷ್ಟೇ ಹೆಂಚು ಹಾಕಿ, ಸಂದಿಗೆಲ್ಲ ಮಣ್ಣು ಮೆತ್ತಿ ಮುಚ್ಚಿದ್ದೆವು. ಹಾಲುಕ್ಕಿಸದೆ ಒಳಗಿನ ಒಲೆ ಹಚ್ಚಬಾರದೆಂದು ಅವಳು ಅಂಗಳದಲ್ಲಿ ಮೂರು ಕಲ್ಲಿಟ್ಟು ಅಡುಗೆ ಮಾಡುತ್ತಿದ್ದಳು. ಈ ದುಡಿಮೆಗೆ ಅವಳು ಬಗ್ಗಲಿಲ್ಲ. ಒಬ್ಬ ಹೆಂಗಸೂ ಬಂದು ಮಾತಾಡಿಸಲಿಲ್ಲವಲ್ಲ, ಅದಕ್ಕೆ ಸೋತಳು. ಕಡೆಗೆ ತವರಿಗೆ, ಬಾಗೂರಿಗೆ, ಹೇಳಿ ಕಳಿಸಿದಳು. ಬೆಳಗಾದರೆ ಅವರಪ್ಪ ಗಾಡಿ ತರುವವರಿದ್ದರು. ಹೋದರೆ ತಿರುಗಿ ಬರುವವಳಲ್ಲವೆಂದು ನನಗೆ ಗೊತ್ತಿತ್ತು.

ಆ ಸಂಜೆ ಜೋರು ಮಳೆ. ಅಂಗಳದ ಒಲೆ ಹೊತ್ತಲಿಲ್ಲ. ಅವಲಕ್ಕಿ ನೆನೆಸಿ ತಿಂದು ಮಲಗಿದೆವು.

ನಸುಬೆಳಕಿನಲ್ಲಿ ಕೊಟ್ಟಿಗೆಯ ಬಾಗಿಲಿಗೆ ಪಕ್ಕದ ಮನೆಯಾಕೆ ಬೆರಣಿಯ ಚೂರು ಹಿಡಿದು ಬಂದಳು. ಬೆಂಕಿಕಡ್ಡಿಗೆ ಬರವಿದ್ದ ದಿನಗಳು. ಮೊದಲು ಹೊಗೆ ಕಂಡ ಮನೆಯಿಂದ ಕೆಂಡ ತರುವುದು ಊರಿನ ರೂಢಿ.

"ಒಂಚೂರು ಕೆಂಡ ಕೊಡವ್ವ. ನಿಮ್ಮನೆ ಮ್ಯಾಲೆ ಒಗೆ ಕಾಣ್ತು, ಅದ್ಕೇ ಬಂದೆ."

ನನಗೆ ನಗು ಬಂತು. ಅಷ್ಟರಲ್ಲಿ ಹಿಂದೆಯೇ ಇನ್ನಿಬ್ಬರು. "ನಾವೂ ನೋಡುದ್ವು ಕಣವ್ವ!"

ಅಡುಗೆಮನೆಗೆ ಓಡಿದೆ. ಒಲೆಯ ಬಾಯಿಗೆ ಜೇಡರಬಲೆ ಹಾಗೇ ಇತ್ತು. ಬೂದಿ ಮುಟ್ಟಿದರೆ ತಣ್ಣಗೆ, ತೇವ. ಹೊರಗೆ ಬಂದು ಹೇಳಬೇಕೆನ್ನುವಷ್ಟರಲ್ಲಿ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಿದಳು.

"ಮನೆ ಬಾಗ್ಲಿಗೆ ಬಂದೋರ್ನ ಬರಿಗೈಲಿ ಕಳ್ಸಕ್ಕಾಯ್ತದಾ? ಬೆಂಕಿಪೊಟ್ನ ಕೊಡಿ ಇಲ್ಲಿ. ಆಲು ಆಮೇಲೆ ಉಕ್ಕುಸಾನ."

ಮಾಡಿನಿಂದ ಕಳಚಿದ್ದ ಮುರಿದ ರೀಪುಪಟ್ಟಿಯ ಚೂರುಗಳಿಂದ ಒಲೆ ಹಚ್ಚಿದಳು. ಹೊಗೆ ಮೇಲೆ ಹೋಗದೆ ಒಳಗೇ ಸುತ್ತಿ ಎಲ್ಲರಿಗೂ ಕೆಮ್ಮು, ಕಣ್ಣಲ್ಲಿ ನೀರು, ಅದರ ನಡುವೆ ನಗು. ಆಗ ನನಗೆ ನೆನಪಾಯಿತು. ಮಳೆಗೆಂದು ಹೊಗೆ ಹೋಗುವ ಗವಾಕ್ಷಿಗೆ ಹಿಂದಿನ ದಿನ ನಾನೇ ಗೋಣಿ ತುರುಕಿದ್ದೆ. ಹೊಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಹೊತ್ತೇರಿ ಗಾಡಿ ಬಂದಾಗ ನಮ್ಮ ಅಡುಗೆಮನೆಯಲ್ಲಿ ನಾಲ್ಕು ಹೆಂಗಸರ ಮಾತು. ಮಾವ ಹಾಲು ಕುಡಿದು, ಖಾಲಿ ಗಾಡಿ ಹೊಡೆದುಕೊಂಡು ಹೋದರು.

ಆ ಮೂವರು ಕಂಡದ್ದೇನೋ ನನಗೆ ತಿಳಿಯದು. ಈಗಲೂ ಬೆಳಿಗ್ಗೆ ಅಂಗಳಕ್ಕಿಳಿದು ಒಮ್ಮೆ ಹೆಂಚಿನ ಕಡೆ ನೋಡುತ್ತೇನೆ.

"ಕಾಣ್ತದಾ?" ಎಂದು ಒಳಗಿನಿಂದ ಅವಳು ಕೇಳುತ್ತಾಳೆ.

"ಕಾಣ್ತದೆ" ಎನ್ನುತ್ತೇನೆ. ಕೆಲವು ದಿನ ಅವಳಿನ್ನೂ ಒಲೆ ಹಚ್ಚಿರುವುದಿಲ್ಲ.