ಹನ್ನೊಂದನೇ ಪುಟದವರೆಗೆ

ನನ್ನ ಪಿಎಚ್‌ಡಿ ಗೈಡ್ ಆಗಿದ್ದ ಮೇಡಂ ಅವರ ಬೆರಳ ತುದಿಗಳು ಯಾವಾಗಲೂ ಕಪ್ಪಗಿರುತ್ತಿದ್ದವು. ಅದು ನೀರಿನ ಪರೀಕ್ಷೆಗೆ ಬಳಸುವ ಸಿಲ್ವರ್ ನೈಟ್ರೇಟ್ ದ್ರಾವಣದ ಕಲೆ. ನಿವೃತ್ತರಾದ ಮೇಲೂ ಶಂಕರಪುರಂ ಮನೆಯ ಹಿತ್ತಲಲ್ಲಿ ಬಾವಿನೀರು ಪರೀಕ್ಷಿಸುವ ಚಟ ಬಿಟ್ಟಿರಲಿಲ್ಲ. ಯಾರಾದರೂ ಕೈ ದಿಟ್ಟಿಸಿದರೆ, "ಮೆಹಂದಿ ಕಣ್ರೀ, ಸ್ವಲ್ಪ ಜಾಸ್ತಿ ಹತ್ತಿದೆ" ಎನ್ನುತ್ತಿದ್ದರು.

ಚಾಮರಾಜಪೇಟೆಯ ಹಳೆಯ ಬಾವಿಗಳ ಬಗ್ಗೆ ಅವರೊಂದು ಪ್ರಬಂಧ ಬರೆದಿದ್ದರು. ಬಾಟಲಿಗೆ ನೀರು ತುಂಬಿಸಿಕೊಳ್ಳುವಾಗಲೇ ಪ್ರತಿ ಮನೆಯವರಿಗೂ, "ಬರೆದಿದ್ದನ್ನ ತಂದ್ಕೊಡ್ತೀನಿ, ನಿಮ್ಮ ಹೆಸರೂ ಹಾಕ್ತೀನಿ" ಎಂದು ಮಾತು ಕೊಟ್ಟಿದ್ದರು. ಪ್ರಬಂಧ ವಿದೇಶದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹಕ್ಕನ್ನೆಲ್ಲ ಪ್ರಕಾಶಕರಿಗೆ ಬರೆದುಕೊಡುವ ಫಾರಂ ಮುಂದಿಟ್ಟು, "ಎಲ್ಲರೂ ಮಾಡ್ತಾರೆ ಮೇಡಂ" ಎಂದು ಸಹಿ ಹಾಕಿಸಿದವಳು ನಾನೇ. ನಾನೂ ಅದನ್ನು ಓದಿರಲಿಲ್ಲ.

ನಿವೃತ್ತಿಯ ದಿನ ಕಾಲೇಜಿನ ಲೈಬ್ರರಿ ಲಾಗಿನ್ ಹೋಯಿತು. ಅಲ್ಲಿಂದಾಚೆಗೆ ತಾವು ಬರೆದದ್ದನ್ನು ತಾವೇ ಓದಲು ದುಡ್ಡು ಕಟ್ಟಬೇಕಿತ್ತು. ನನಗೆ ಪಿತ್ತ ನೆತ್ತಿಗೇರಿತು. ಅಚ್ಚಾದ ಪುಟಗಳನ್ನೇ ಅವರ ಹೆಸರಿನಲ್ಲಿ ಇಂಟರ್ನೆಟ್ಟಿಗೆ ಹಾಕಿ, ದೊಡ್ಡ ಸಾಹಸ ಮಾಡಿದವಳಂತೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ದಿನಕ್ಕೆ ಪ್ರಕಾಶಕರ ನೋಟಿಸ್ ಬಂತು, ಅವರ ಹೆಸರಿಗೆ.

"ನಾನು ಬರೆದಿದ್ದನ್ನ ನಾನೇ ಕದ್ದೆ ಅಂತಿದಾರಲ್ಲೇ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪತ್ರಿಕೆಗೆ ಕಳಿಸುವ ಮುಂಚಿನ ಕರಡನ್ನು ಹಂಚಬಹುದೆಂದು ಆ ನೋಟಿಸಿನಲ್ಲೇ ಇತ್ತು. ಕರಡು ಅವರ ಕೈಬರಹದ ನೋಟ್‌ಬುಕ್ಕಿನಲ್ಲಿತ್ತು. ಭಾನುವಾರ ಭಾನುವಾರ ಅವರು ಓದುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಹನ್ನೊಂದು ಪುಟವಾಯಿತು. ಕೊನೆಯ ಹಾಳೆಗಳ ಮೇಲೆ ಎಂದೋ ನೀರಿನ ಬಾಟಲಿ ಉರುಳಿ ಶಾಯಿಯೆಲ್ಲ ಕದಡಿಹೋಗಿತ್ತು.

"ಮಿಕ್ಕಿದ್ದನ್ನ ಅಚ್ಚಾಗಿರೋದ್ರಲ್ಲಿ ನೋಡ್ಕೊಂಡ್ಬಿಡೋಣ ಮೇಡಂ."

"ಬೇಡ ಕಣೇ. ಅದು ಈಗ ಅವರದ್ದು. ನಾನು ಹೊಸದಾಗಿ ಹೇಳ್ತೀನಿ, ಮುಂದಿನ ವಾರ ಬಾ."

ಮುಂದಿನ ಭಾನುವಾರ ಹೋದಾಗ ಅವರ ಬಾಗಿಲ ಮುಂದೆ ತುಂಬ ಚಪ್ಪಲಿಗಳಿದ್ದವು. ಬೆಳಗಿನ ಜಾವವೇ ಹೋಗಿಬಿಟ್ಟಿದ್ದರು. ಬಿಳಿ ಬಟ್ಟೆಯ ಮೇಲೆ ಆ ಕಪ್ಪು ಬೆರಳುಗಳನ್ನು ನೋಡಿ, ನಾನು ಅಲ್ಲಿಯೇ ಗೋಡೆಗೊರಗಿ ಅತ್ತೆ.

ಹದಿನೈದು ದಿನ ಕಳೆದ ಮೇಲೆ ಆ ಹನ್ನೊಂದು ಪುಟಗಳನ್ನು ಇಂಟರ್ನೆಟ್ಟಿಗೆ ಹಾಕಿದೆ. ಒಂದು ಪ್ರತಿ ಹಿಡಿದು, ಮೊದಲ ಬಾಟಲಿ ತುಂಬಿಸಿಕೊಟ್ಟ ಚಾಮರಾಜಪೇಟೆಯ ಅಜ್ಜಿಯ ಮನೆಗೆ ಹೋದೆ. ಅಜ್ಜಿ ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು.

"ನನ್ನ ಹೆಸರು ಹಾಕ್ತೀನಿ ಅಂದಿದ್ರಲ್ಲ ನಿಮ್ಮ ಮೇಡಂ, ಎಲ್ಲಿದೆಯಮ್ಮ?"

"ಕೊನೇ ಪುಟದಲ್ಲಿದೆ ಅಜ್ಜಿ, ಅದು ಇದರಲ್ಲಿಲ್ಲ."

"ಹಂಗಾದ್ರೆ ಅದನ್ನ ತಗೊಂಡ್ಬಾಮ್ಮ" ಎಂದು, ಹಾಳೆಗಳನ್ನು ಜೋಡಿಸಿ ನನ್ನ ಕೈಗೇ ವಾಪಸ್ ಕೊಟ್ಟರು.