ಹೊಂಬಾಳಮ್ಮನ ಬಾವಿಯ ದೊರೆ

ಯಲಿಯೂರಿನ ಹೊಂಬಾಳಮ್ಮನಿಗೆ ಸಿಟ್ಟು ಬಂದದ್ದು ಮೊದಲು ಗೊತ್ತಾಗುತ್ತಿದ್ದುದು ಬಾವಿಯ ರಾಟೆಗೆ. ಮಾಮೂಲಿ ದಿನ ಅದು ಕಿರ್ರೆಂದು ಹಾಡಿಕೊಂಡು ತಿರುಗುತ್ತಿತ್ತು. ಸಿಟ್ಟಿನ ದಿನ ಬಿಂದಿಗೆ ಧಡಾರೆಂದು ನೀರಿಗೆ ಬೀಳುತ್ತಿತ್ತು. ಮೂರು ಮನೆಯಾಚೆ ಒಲೆ ಮುಂದೆ ಕೂತ ಪುಟ್ಟಮಾದಮ್ಮ ಅಲ್ಲಿಂದಲೇ, "ಇವತ್ತು ಜವರಯ್ಯಂಗೆ ಮುದ್ದೆ ಇಳಿಯಾಕಿಲ್ಲ ಬುಡು" ಅನ್ನುತ್ತಿದ್ದಳು.

ಎಪ್ಪತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ರಾಟೆ ತಿರುಗಲೇ ಇಲ್ಲ.

ಹೊಂಬಾಳಮ್ಮ ಹಿಂದಿನ ದಿನ ಸಂಜೆಯಷ್ಟೇ ತವರಿನಿಂದ ಬಂದಿದ್ದಳು. ಬಸರಾಳಿನಲ್ಲಿ ಮೈನೆರೆದ ಅಣ್ಣನ ಮಗಳ ಒಸಗೆ, ಮೂರು ದಿನ ಅಲ್ಲೇ ಇದ್ದಳು. ಎದ್ದವಳೇ ಅಂಗೈಯಲ್ಲಿ ರಾಗಿಮುದ್ದೆಯ ಚೂರು ಹಿಡಿದು ಬಾವಿಕಟ್ಟೆಗೆ ಬಾಗಿದಳು.

"ದೊರೆ, ಬಾರೋ. ಮೂರು ದಿನ ಉಪಾಸ ಕೆಡವ್ದ್ರೇನೋ ನಿನ್ನ?"

ದೊರೆ ಅಂದರೆ ಆಮೆ. ಬಿಸಿಲು ನೀರಿಗೆ ಬೀಳುವ ತನಕ ಮೇಲೆ ಬಾರದ ಸೋಮಾರಿ, ಅದಕ್ಕೇ ಆ ಹೆಸರು. ಇಪ್ಪತ್ತೆರಡು ವರ್ಷದ ಹಿಂದೆ ಹೊಂಬಾಳಮ್ಮ ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಹೊಸ ಬಾವಿ ತೋಡಿದ್ದರು. ಅವಳಪ್ಪ ತಮ್ಮ ಬಾವಿಯಲ್ಲಿದ್ದ ಅಂಗೈಯಗಲದ ಮರಿಯನ್ನು ಒದ್ದೆ ಟವಲಿನಲ್ಲಿ ಸುತ್ತಿ, ಬಸರಾಳಿನಿಂದ ಗಾಡಿಯಲ್ಲಿ ತೊಡೆ ಮೇಲಿಟ್ಟುಕೊಂಡು ತಂದಿದ್ದ. ಅತ್ತೆ ಬಾಗಿಲಲ್ಲೇ ತಡೆದಳು.

"ಆಮೆ ಹೊಕ್ಕ ಮನೆ ಆಳಾಯ್ತದೆ ಅಂತಾರೆ ಕಣ್ರಪ್ಪ."

"ಮನೇಗಲ್ಲ ಕಣ್ರವ್ವ, ಬಾವಿಗೆ. ಉಳ ಉಪ್ಪಟೆ ತಿಂದ್ಕಂಡು ನೀರ ಕಾಯ್ತದೆ. ನಮ್ಮ ಮಗೀಗೆ ಇಲ್ಲಿ ಕುಡಿಯೋ ನೀರಾದ್ರೂ ತವರುಮನೇದು ಅನ್ನಿಸ್ಲಿ" ಅಂದು ಅವನು ತನ್ನ ಕೈಯಾರೆ ಬಾವಿಗೆ ಬಿಟ್ಟ. ಮರುವರ್ಷ ತೀರಿಕೊಂಡ. ಅವನು ಕೊಟ್ಟ ಬೆಳ್ಳಿ ಕಡಗ ನಾದಿನಿಯ ಕೈಗೆ ಹೋಯಿತು. ಕೊಟ್ಟ ಹಸು ಭಾಗವಾದಾಗ ಮೈದುನನ ಕೊಟ್ಟಿಗೆಗೆ ಹೋಯಿತು. ಉಳಿದದ್ದು ದೊರೆ ಒಬ್ಬನೇ. ಅದಕ್ಕೇ ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು: ಹೂಳೆತ್ತಲಿ, ಸುಣ್ಣ ಹಾಕಲಿ, ಬಾವಿಗೆ ಏನೇ ಮಾಡುವುದಿದ್ದರೂ ದೊರೆ ಮೊದಲು ಮೇಲೆ ಬರಬೇಕು.

ಆವತ್ತು ದೊರೆ ತೇಲುತ್ತಿತ್ತು. ಒಂದು ಪಕ್ಕ ಮೇಲೆ, ಒಂದು ಪಕ್ಕ ಕೆಳಗೆ, ನೀರು ತುಂಬಿಕೊಂಡ ತಟ್ಟೆಯ ಹಾಗೆ. ಮುದ್ದೆಯ ಚೂರು ತಲೆ ಮೇಲೆ ಬಿದ್ದರೂ ಅಲ್ಲಾಡಲಿಲ್ಲ. ಹೊಂಬಾಳಮ್ಮ ಬಿದಿರಿನ ಮಂಕರಿಗೆ ಹಗ್ಗ ಕಟ್ಟಿ ಇಳಿಸಿ ಎತ್ತಿಕೊಂಡಳು. ಕಣ್ಣೆರಡೂ ಊದಿ ಮುಚ್ಚಿದ್ದವು. ಮೂಗಿನಲ್ಲಿ ಗುಳ್ಳೆ. ಕತ್ತನ್ನು ಮುಂದೆ ಚಾಚಿ, ಬಾಯಿ ತೆರೆದು ತೆರೆದು ಉಸಿರಿಗೆ ಒದ್ದಾಡುತ್ತಿತ್ತು.

"ಏನಾಯ್ತು ಇದ್ಕೆ?" ಎಂದು ಕೊಟ್ಟಿಗೆಯ ಕಡೆ ಕೂಗಿದಳು.

ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ ಗಂಡ ಜವರಯ್ಯ ತಿರುಗಿ ನೋಡದೆ ಉತ್ತರ ಕೊಟ್ಟ. "ಬಿಸ್ಲು ಕಣಮ್ಮಿ. ವಯಸ್ಸೂ ಆಯ್ತಲ್ಲ."

"ನೀರು ಏನೋ ಘಾಟು ಒಡೀತದೆ?"

"ಓ ಅದಾ? ಪಕ್ಕದ ಊರಲ್ಲಿ ವಾಂತಿಬೇದಿ ಅಂತ ಸರ್ಕಾರದೋರು ಎಲ್ಲಾ ಬಾವಿಗೂ ಬಿಳೀ ಪುಡಿ ಆಕ್ಸವ್ರೆ. ನಾನೇನ್ ಮಾಡ್ಲಿ?"

ಅಷ್ಟು ಸಾಕಾಯಿತು. ಸರ್ಕಾರದ ಏಳು ತಲೆಮಾರನ್ನು ಬೀದಿಗೆಳೆಯುತ್ತ ಹೊಂಬಾಳಮ್ಮ ಮಂಕರಿಯಲ್ಲಿ ಒದ್ದೆ ಗೋಣಿ ಹಾಸಿ ದೊರೆಯನ್ನು ಮಲಗಿಸಿದಳು. ಮಂಡ್ಯದ ಕಡೆಯ ಪ್ಯಾಸೆಂಜರ್ ರೈಲಿಗೆ ಇನ್ನು ಸ್ವಲ್ಪವೇ ಹೊತ್ತಿತ್ತು.

"ಆಮೇಗೆ ಆಸ್ಪತ್ರೆನಾ? ನಗಾಡ್ತಾರೆ ಕಣೆ!" ಅಂದ ಜವರಯ್ಯ.

"ನಗ್ಲಿ. ಅವ್ರ ಬಾಯಲ್ಲಿ ಎಷ್ಟು ಹಲ್ಲವೆ ಅಂತ ಎಣಿಸ್ಕಬತ್ತೀನಿ."

ಮಂಡ್ಯದಲ್ಲಿ ಇಳಿದು, ದಾರಿ ಕೇಳಿಕೊಂಡು, ಅವಳು ದನದ ಆಸ್ಪತ್ರೆಯೊಂದಕ್ಕೆ ಬಂದಾಗ ಹೊರಗೆ ಎರಡು ಎಮ್ಮೆ, ಕಾಲು ಕಟ್ಟಿದ ಒಂದು ಹೋತ ಕಾಯುತ್ತಿದ್ದವು. ಮೇಜಿನ ಹಿಂದೆ ರಿಜಿಸ್ಟರು ಬರೆಯುವ ದೊಡ್ಡಸಿದ್ದಯ್ಯ ಎಲೆಯಡಿಕೆ ಜಗಿಯುತ್ತ ಮಂಕರಿಯೊಳಗೆ ಇಣುಕಿದ.

"ಇದೇನಮ್ಮ ಇದು?"

"ಕಣ್ ಕಾಣಾಕಿಲ್ವಾ? ಆಮೆ. ನಮ್ಮ ದೊರೆ. ಉಸ್ರು ಕಟ್ಟದೆ. ಬಿರ್ನೆ ಡಾಕ್ಟ್ರ ಕರಿ."

"ದನ, ಎಮ್ಮೆ, ಕುರಿ, ಮೇಕೆ, ಅಂದಿ, ಕೋಳಿ, ನಾಯಿ," ಎಂದು ಅವನು ರಿಜಿಸ್ಟರಿನ ನೆತ್ತಿಯ ಮೇಲೆ ಬೆರಳು ಎಳೆದ. "ಆಮೇಗೆ ಕಾಲಂ ಇಲ್ಲ ಕಣಮ್ಮ. ತಕಂಡೋಗಿ ಕೆರೆಗೆ ಬುಡು, ಪುಣ್ಯ ಬತ್ತದೆ."

"ಬಾವಿಗೆ ಇಸ ಉಯ್ಯಾಕೆ ನಿಮ್ಮ ಸರ್ಕಾರಕ್ಕೆ ಕಾಲಂ ಅದೆ, ವಾಸಿ ಮಾಡಾಕೆ ಇಲ್ವಾ? ಕೋಳಿ ಅಂತ ಬರ್ಕೊ. ಅದೂ ಮೊಟ್ಟೆ ಇಕ್ತದೆ, ಇದೂ ಇಕ್ತದೆ."

"ಸುಳ್ಳು ಬರ್ಯಕ್ಕಾಯ್ತದಾ?"

"ಓಹೋ, ಸತ್ಯರಿಸ್ಚಂದ್ರ! ಸುಳ್ಳು ಬರೀಬ್ಯಾಡ, ಇದು ಸಾಯೋ ಗಂಟ ಎಲೆಯಡ್ಕೆ ಅಗೀತಾ ಕೂತ್ಕೊ." ಅವಳು ಮಂಕರಿಯನ್ನು ಎತ್ತಿ ರಿಜಿಸ್ಟರಿನ ಮೇಲೆಯೇ ಇಟ್ಟಳು. ಗೋಣಿಯ ನೀರು ಹರಿದು ಎಮ್ಮೆ ಕಾಲಮ್ಮೂ ಕುರಿ ಕಾಲಮ್ಮೂ ಒಂದಾದವು. ದೊಡ್ಡಸಿದ್ದಯ್ಯ ಬೊಬ್ಬೆ ಹಾಕಿದ. ಆ ಬೊಬ್ಬೆಗೆ ಒಳಗಿನಿಂದ ಡಾಕ್ಟರು ಬಂದರು.

ಸಂಪತ್ ಕುಮಾರ ಹೊಸಬರು. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಮೊಣಕೈತನಕ ಎಮ್ಮೆಯ ಸಗಣಿ ಮೆತ್ತಿಕೊಂಡಿದ್ದರೂ ಹಣೆಯ ಮೇಲಿನ ನಾಮ ಕದಡಿರಲಿಲ್ಲ. ಮಂಕರಿಯೊಳಗೆ ಬಾಗಿ ನೋಡಿದರು.

"ಅಮ್ಮಾ, ಇರೋದನ್ನ ಹೇಳ್ಬಿಡ್ತೀನಿ. ನಾನು ಆಮೆಗೆ ಯಾವತ್ತೂ ಔಷಧಿ ಕೊಟ್ಟಿಲ್ಲ. ನಮ್ಮ ಮೇಷ್ಟ್ರು ಇದರ ಬಗ್ಗೆ ಒಂದೇ ಒಂದು ದಿನ ಪಾಠ ಮಾಡಿದ್ರು."

"ಆವತ್ತು ಓಗಿದ್ರಾ, ಇಲ್ವಾ?"

"ಹೋಗಿದ್ದೆ."

"ಅಷ್ಟು ಸಾಕು. ನೋಡಿ."

ಅವರು ಕೈ ತೊಳೆದು ಬಂದು ದೊರೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು. ಕತ್ತಿನ ಚರ್ಮ ಬೆಂದ ಹಾಗೆ ಕೆಂಪಾಗಿತ್ತು. ಬೆರಳಿನಿಂದ ಮುಟ್ಟಿದರೆ ದೊರೆ ಕತ್ತನ್ನು ಒಳಗೆಳೆದುಕೊಳ್ಳಲೂ ಇಲ್ಲ.

"ಇದು ಬ್ಲೀಚಿಂಗ್ ಪೌಡರ್. ಬಾವಿಗೆ ಎಷ್ಟು ಹಾಕಿದ್ರಿ?"

"ನಾವೆಲ್ಲಿ ಆಕ್ದೊ? ಆಕಿದ್ದು ಸರ್ಕಾರ. ನಿಮ್ಮೋರೇ."

"ಅವರು ಬಾವಿ ಅಳತೆ ನೋಡಿ ಒಂದು ಪೊಟ್ಟಣ ಕೊಡ್ತಾರೆ. ಅಷ್ಟಕ್ಕೆ ಹೀಗೆ ಬೆಂದುಹೋಗಲ್ಲವಲ್ಲಮ್ಮಾ..."

ಅಷ್ಟರಲ್ಲಿ ಗೇಟಿನ ಹತ್ತಿರ ಸೈಕಲ್ಲೊಂದು ಒರಗಿ ಬಿತ್ತು. ಜವರಯ್ಯ! ಯಲಿಯೂರಿನಿಂದ ತುಳಿದುಕೊಂಡು ಬಂದಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಹೆಂಡತಿಯ ಕಡೆ ನೋಡದೆ ಡಾಕ್ಟರ ಕಾಲಿನ ಹತ್ತಿರ ಕಣ್ಣು ನೆಟ್ಟು ನಿಂತ.

"ಸೋಮಿ, ಎಲ್ಡು ಪೊಟ್ಣ."

"ಎರಡಾ? ಇನ್ನೊಂದು ಎಲ್ಲಿಂದ ಬಂತು?"

"ಪಕ್ಕದ ಪಾಳುಬಾವೀದು. ಅದ್ರ ನೀರು ಯಾರೂ ಕುಡಿಯಾಕಿಲ್ಲ, ವೇಸ್ಟಾಯ್ತದೆ ಅಂತ ಇಸ್ಕಂಡೆ. ಕಬ್ಬಿಗೆ ಯೂರಿಯಾ ಒಂದು ಮೂಟೆ ಅಂದ್ರೆ ನಾವು ಎಲ್ಡು ಆಕಾಕಿಲ್ವಾ ಸೋಮಿ? ಸರ್ಕಾರದೋರು ಯಾವಾಗ್ಲೂ ಒಸಿ ಕಮ್ಮೀನೇ ಏಳಾದು."

ನಾಲೆಯ ಬಯಲಿನಲ್ಲಿ ಯಾರನ್ನು ಕೇಳಿದರೂ ಆಗ ಇದೇ ಮಾತು. ಹೇಳಿದ್ದಕ್ಕೆ ಇಮ್ಮಡಿ ಸುರಿ, ಬೆಳೆ ಇಮ್ಮಡಿ. ಜವರಯ್ಯನ ಕಬ್ಬು ಹಾಗೇ ಆಳೆತ್ತರ ಬೆಳೆದಿತ್ತು. ಅವನಿಗೆ ಬೇರೆ ಲೆಕ್ಕ ಗೊತ್ತಿರಲಿಲ್ಲ.

"ಆಮೆನ ಮೊದಲು ಎತ್ತಲಿಲ್ವಾ?" ಎಂದರು ಡಾಕ್ಟರು.

"ನೆಪ್ಪಾಯ್ತು. ಆಕಿ ಆದ್ಮೇಲೆ."

ಹೊಂಬಾಳಮ್ಮ ಗಂಡನ ಕಡೆ ತಿರುಗಿದಳು. ಬೆಳಿಗ್ಗೆಯಿಂದ ಸರ್ಕಾರಕ್ಕೆ, ರೈಲಿಗೆ, ದೊಡ್ಡಸಿದ್ದಯ್ಯನಿಗೆ ಹಂಚಿದ ಸಿಟ್ಟೆಲ್ಲ ತಪ್ಪು ವಿಳಾಸಕ್ಕೆ ಹೋದ ಕಾಗದದ ಹಾಗೆ ವಾಪಸು ಬಂದು ಎದೆಯ ಮೇಲೆ ಕೂತಿತು. ಎಮ್ಮೆಯವರೂ ಹೋತದವನೂ ಹತ್ತಿರ ಸರಿದರು. ಇಪ್ಪತ್ತೆರಡು ವರ್ಷ ಗಂಡನ ಹೆಸರೆತ್ತದೆ, 'ನೀವು' ಎಂದೇ ಬಾಳಿದವಳು ಅವಳು.

"ಬಿಸ್ಲು ಅಂದೆಯಲ್ಲ," ಅಂದಳು. ದನಿ ಏರಲಿಲ್ಲ. "ವಯಸ್ಸಾಯ್ತು ಅಂದೆಯಲ್ಲ. ನಂಗೆ ಇನ್ಯಾವುದಾದ್ರೂ ಉಳ್ದಿತ್ತೇನೋ ಆ ಮನೇಲಿ? ಒಂದು ಪ್ರಾಣಿ. ಅದ್ನೂ ಬೇಯಿಸಿ, ಮ್ಯಾಲೆ ಸುಳ್ಳು ಬೇರೆ."

"ಬೈತೀಯ ಅಂತ..."

"ಬೈಯಾಕಿಲ್ಲ ಬುಡು." ಮೇಜಿನ ಕಡೆ ತಿರುಗಿದಳು. "ಅಣ್ಣೋ, ಕಾಲಂ ಇಲ್ಲ ಅಂದ್ಯಲ್ಲ, ಇವನಿಗೆ ಅದೆ. ಎತ್ತು ಅಂತ ಬರ್ಕೊ!"

ದೊಡ್ಡಸಿದ್ದಯ್ಯನಿಗೆ ಎಲೆಯಡಿಕೆ ನೆತ್ತಿಗೇರಿತು.

ಡಾಕ್ಟರು ಅಷ್ಟರಲ್ಲಿ ಕೆಲಸ ಶುರು ಮಾಡಿದ್ದರು. ಬಕೆಟ್ಟಿನ ಮೇಲೆ ಬಕೆಟ್ಟು ಒಳ್ಳೆಯ ನೀರು ತರಿಸಿ ಅರ್ಧ ಗಂಟೆ ದೊರೆಯ ಮೈ ತೊಳೆದರು. ಬೋರಿಕ್ ನೀರಿನಲ್ಲಿ ಹತ್ತಿ ಅದ್ದಿ ರೆಪ್ಪೆಗಳನ್ನು ಮೆತ್ತಗೆ ಬಿಡಿಸಿದರು. ತೂಕ ಗೊತ್ತಾಗದೆ ಇಂಜೆಕ್ಷನ್ ಕೊಡುವಂತಿಲ್ಲ ಎಂದಾಗ ದೊಡ್ಡಸಿದ್ದಯ್ಯನೇ ದೊರೆಯನ್ನು ಎತ್ತಿಕೊಂಡು ಎದುರಿನ ತರಕಾರಿ ಅಂಗಡಿಯ ತಕ್ಕಡಿಗೆ ಓಡಿದ. ಬೈಸಿಕೊಂಡ ಮೇಲೆ ಅವನಿಗೇಕೋ ಉತ್ಸಾಹ ಬಂದಿತ್ತು. ಬಂದವನು ರಿಜಿಸ್ಟರಿನಲ್ಲಿ 'ಕೋಳಿ, ಒಂದು' ಎಂದು ಬರೆದು, "ಗಂಡೋ ಹೆಣ್ಣೋ?" ಎಂದ.

ಡಾಕ್ಟರು ಮಗುಚಿ ನೋಡಿದರು. "ಹೆಣ್ಣು."

"ಹೆಣ್ಣಾ? ದೊರೆ ಅಂತಿದ್ರಲ್ಲ!"

"ಹೆಣ್ಣಾದ್ರೆ ದೊರೆ ಆಗಬಾರ್ದು ಅಂತ ಅದ್ಯಾವ ಕಾಲಮ್ಮಲ್ಲಿ ಬರ್ದದೆ?" ಎಂದು ಹೊಂಬಾಳಮ್ಮ ಗದರಿದಳು.

ಡಾಕ್ಟರು ಸಣ್ಣ ಸೂಜಿ ಆರಿಸಿ, ದಪ್ಪ ಪುಸ್ತಕವೊಂದನ್ನು ಎರಡು ಸಲ ತಿರುವಿ, ಮುಂಗಾಲಿಗೆ ಚುಚ್ಚಿದರು. "ಉಸಿರಿನ ಚೀಲಕ್ಕೆ ಕೀವು ಹಿಡಿಯೋ ಹಾಗಿದೆ, ಅದಕ್ಕೇ ವಾಲಿ ತೇಲ್ತಿರೋದು. ದಿನ ಬಿಟ್ಟು ದಿನ, ಐದು ಇಂಜೆಕ್ಷನ್. ಕಣ್ಣಿಗೆ ಎರಡು ಹೊತ್ತು, ಎರಡೆರಡೇ ಹನಿ. ಆಳದ ನೀರಿಗೆ ಬಿಡಬೇಡಿ, ಈಜಲಾರದೆ ಮುಳುಗಿ ಸತ್ತುಹೋಗುತ್ತೆ. ಬಾವಿ ನೀರು ಪೂರ್ತಿ ಹೊರಗೆ ಹೋಗೋವರೆಗೂ ಬಾವಿ ಕಡೆ ತರಲೇಬೇಡಿ. ಬದುಕುತ್ತೆ ಅಂತ ನಾನು ಮಾತು ಕೊಡಲ್ಲ."

"ಇನ್ನೊಂದು ಒಸಿ ಜಾಸ್ತಿ ಚುಚ್ಚಿದ್ರೆ, ಬೇಗ..." ಎಂದು ಜವರಯ್ಯ ಬಾಯಿಬಿಟ್ಟ.

ಡಾಕ್ಟರು, ಹೊಂಬಾಳಮ್ಮ, ದೊಡ್ಡಸಿದ್ದಯ್ಯ, ಮೂರೂ ಜನ ಒಟ್ಟಿಗೆ ಅವನ ಕಡೆ ನೋಡಿದರು. ಅವನು ಬಾಯಿ ಮುಚ್ಚಿದ.

ಮಾರನೆಯ ದಿನ ಬೆಳಗಾದಾಗಿನಿಂದ ಯಲಿಯೂರಿನಲ್ಲಿ ರಾಟೆ ನಿಲ್ಲಲಿಲ್ಲ. ಜವರಯ್ಯ ಸೇದಿದ. ಸೇದಿ ಸೇದಿ ಹಿತ್ತಲಿನ ಪಕ್ಕದ ಓಣಿಗೆ ಸುರಿದ. ಮೊದಲ ದಿನ, "ಪುಡಿ ತಾನಾಗೇ ಆರೋಯ್ತದಂತೆ ಕಣಮ್ಮಿ" ಅಂದು ನೋಡಿದ. "ಸೇದು" ಅಂದಳು. ಎರಡನೆಯ ದಿನ ಅಂಗೈ ತೋರಿಸಿದ, ಬೊಬ್ಬೆ ಎದ್ದಿದ್ದವು. "ಅದ್ರ ಕತ್ತು ನೋಡಿದ್ಯಾ? ಸೇದು." ಹೊತ್ತಿಗೆ ಸರಿಯಾಗಿ ಮುದ್ದೆ ಇಕ್ಕಿದಳು, ಉಪ್ಪೆಸರು ಬಡಿಸಿದಳು. ಮಾತು ಮಾತ್ರ ಅದೊಂದೇ. ಪುಟ್ಟಮಾದಮ್ಮ ಬಂದು, "ಗಂಡನ್ನ ಇಂಗೆ ದುಡಿಸ್ತಾರೇನಮ್ಮಿ?" ಎಂದು ಪಂಚಾಯ್ತಿಗೆ ಕೂತಳು. "ನಿಂಗೆ ಕನಿಕರ ಬಂದಿದ್ರೆ ಆ ಕಡೆ ಅಗ್ಗ ಇಡ್ಕೊ" ಅಂದಾಗ ಎದ್ದು ಹೋದಳು. ಮೂರನೆಯ ದಿನ ಮಧ್ಯಾಹ್ನ ತಳದ ಕೆಸರು ಕಂಡಿತು. ಸಂಜೆಗೆ ಹೊಸ ನೀರು ಒಸರತೊಡಗಿತು.

ದೊರೆ ಕೋಳಿಗೂಡಿನ ಪಕ್ಕ ಬಿಸಿಲಿನಲ್ಲಿ, ದನಕ್ಕೆ ನೀರಿಡುವ ಬಾನಿಯಲ್ಲಿ ಎರಡು ಬೆರಳು ನೀರಿನಲ್ಲಿ ಮಲಗಿತ್ತು. ಏನೂ ತಿನ್ನಲಿಲ್ಲ. ನಾಲ್ಕನೆಯ ಸಂಜೆ ಹೊಂಬಾಳಮ್ಮ ಕೊಟ್ಟಿಗೆಯಿಂದ ಬರುವಾಗ ಜವರಯ್ಯ ಬಾನಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಣ್ಣಿನ ಔಷಧಿಯ ಬುಡ್ಡಿ ಬಗ್ಗಿಸಿದ್ದ. ಒಂದು ಹನಿ. ಎರಡು. ಮೂರನೆಯದು ಬುಡ್ಡಿಯ ಬಾಯಿಗೆ ಬಂದಿತ್ತು. ಅವಳು ಓಡಿ ಬಂದು ಮಣಿಕಟ್ಟು ಹಿಡಿದಳು.

"ಯಾಕೆ? ಯಾಕೆ ನಿಂಗೆ ಏಳಿದ್ದು ಸಾಲಾಕಿಲ್ಲ?"

"ಬದುಕ್ಲಿ ಅಂತ ಕಣೆ," ಅಂದ ಜವರಯ್ಯ. "ಎಂಗಾದ್ರೂ ಬದುಕ್ಲಿ ಅಂತ."

ಅವಳು ಬುಡ್ಡಿ ಕಿತ್ತುಕೊಂಡು ಸೆರಗಿಗೆ ಕಟ್ಟಿಕೊಂಡಳು. ಮೂರನೆಯ ಹನಿ ನೆಲಕ್ಕೆ ಬಿತ್ತು.

ಐದನೆಯ ಇಂಜೆಕ್ಷನ್ನಿಗೆ ಇಬ್ಬರೂ ಒಟ್ಟಿಗೆ ರೈಲು ಹತ್ತಿದರು, ಮಂಕರಿ ಅವನ ತಲೆಯ ಮೇಲೆ. ಡಾಕ್ಟರು ಆಸ್ಪತ್ರೆ ಅಂಗಳದ ಕಲ್ಲುತೊಟ್ಟಿ ತುಂಬಿಸಿ, ದೊರೆಯನ್ನು ನೀರಿನ ಮೇಲಿಟ್ಟು, ಅಡಿಯಲ್ಲಿ ಅಂಗೈ ಕೊಟ್ಟುಕೊಂಡೇ ನೋಡಿದರು. ಮೊದಲು ವಾಲಿತು. ಆಮೇಲೆ ಕಾಲಾಡಿಸಿತು. ಮೆಲ್ಲಗೆ ಸಮವಾಗಿ, ಡಾಕ್ಟರ ಕೈಯಿಂದ ಜಾರಿ, ನೇರ ತಳಕ್ಕೆ ಇಳಿದುಹೋಯಿತು. ಎಲ್ಲರೂ ತೊಟ್ಟಿಗೆ ಬಾಗಿದರು. ಎಮ್ಮೆಯೊಂದು ಬಾಲ ಬೀಸಿತು. ಕೊನೆಗೆ ತೊಟ್ಟಿಯ ಅಂಚಿನಲ್ಲಿ ಮೂಗು ಎದ್ದಿತು, ಗುಳ್ಳೆ ಇಲ್ಲದ ಮೂಗು. ಎಡಗಣ್ಣು ತೆರೆದಿತ್ತು. ಬಲಗಣ್ಣಿನ ಮೇಲೆ ಬಿಳಿ ಪೊರೆ ನಿಂತುಬಿಟ್ಟಿತ್ತು.

"ಬದುಕ್ತಲ್ಲ ಬುಡು," ಎಂದು ಜವರಯ್ಯ ಟವಲಿನಿಂದ ಮುಖ ಒರೆಸಿಕೊಂಡ.

"ಒಂದು ಕಣ್ಣು ಓಯ್ತಲ್ಲ, ಅದ್ಕೇನಂತೀಯ?"

ಅವನು ಮಂಕರಿಯಲ್ಲಿ ಒದ್ದೆ ಗೋಣಿ ಹಾಸಿದ. ಅವಳು ಮತ್ತೆ ಬಹುವಚನಕ್ಕೆ ತಿರುಗಲಿಲ್ಲ, ಬದುಕಿರುವ ತನಕ.

ಆ ವರ್ಷದಿಂದ ಜವರಯ್ಯನ ಗದ್ದೆಯಲ್ಲಿ ಗೊಬ್ಬರದ ಮೂಟೆ ಬಿಚ್ಚುವಾಗ ಹೊಂಬಾಳಮ್ಮ ಬದುವಿನ ಮೇಲೆ ನಿಂತಿರುತ್ತಿದ್ದಳು, ಕೈಯಲ್ಲಿ ಒಂದು ತೆಂಗಿನ ಕರಟ. ಸಾಲಿಗೆ ಇಷ್ಟು ಕರಟ ಅಂದರೆ ಇಷ್ಟೇ. ಊರಿನವರು ನಕ್ಕರು; ನಕ್ಕವರನ್ನೆಲ್ಲ ಅವಳು ಹೆಸರು ಹಿಡಿದು ಬೈದಳು. ಕಬ್ಬೇನೂ ಕುಳ್ಳಗಾಗಲಿಲ್ಲ.

ಬಾವಿಗೆ ಮರಳಿದ ದೊರೆಗೆ ಬೆಳಿಗ್ಗೆ ಮುದ್ದೆ ಹಾಕುವ ಕೆಲಸ ಜವರಯ್ಯನದಾಯಿತು. ಬಲಗಡೆ ಬಿದ್ದದ್ದು ಅದಕ್ಕೆ ಕಾಣುತ್ತಿರಲಿಲ್ಲ, ಎಡಕ್ಕೇ ಎಸೆಯಬೇಕು. ಅವನು ಬಾವಿಕಟ್ಟೆಗೆ ಬಾಗಿ, ಕೈಯಲ್ಲಿನ ಉಂಡೆ ನೋಡಿ, ಅಡುಗೆಮನೆಯ ಕಡೆ ಒಮ್ಮೆ ಕಿವಿಗೊಟ್ಟು, ಅವಳು ಹೇಳುವ ಮೊದಲೇ ಅದನ್ನು ಅರ್ಧ ಮಾಡುತ್ತಿದ್ದ.